ದಮ್ಮಿನ ಕಾಯಿಲೆ: ಚೀಟಿಯಲ್ಲಿ ಬರೆಯದೇ ಉಳಿಯುವ ಔಷಧಿ

ಹೊಸನಗರದ ಕಡೆಯ ಒಬ್ಬ ಅಮ್ಮ, ವಯಸ್ಸು 63, ಕಳೆದ ಮಳೆಗಾಲದಲ್ಲಿ ದಮ್ಮು ಕಟ್ಟಿ ಪೇಟೆಯ ಆಸ್ಪತ್ರೆಯೊಂದಕ್ಕೆ ಸೇರಿದ್ದರು. ಆರು ದಿನ ಆಕ್ಸಿಜನ್, ನೆಬ್ಯುಲೈಸರ್, ಇಂಜೆಕ್ಷನ್. ಮನೆಗೆ ಹೊರಡುವಾಗ ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನು ಅವರ ಮಗ ಆಮೇಲೆ ನನಗೆ ತೋರಿಸಿದ. ಎರಡು ಬಗೆಯ ಇನ್‌ಹೇಲರ್, ಐದು ದಿನದ ಮಾತ್ರೆ, ಕಫಕ್ಕೆ ಒಂದು ಸಿರಪ್ಪು, ಹದಿನೈದು ದಿನ ಬಿಟ್ಟು ಬನ್ನಿ ಎಂಬ ಸೂಚನೆ. ಎಲ್ಲಕ್ಕಿಂತ ಕೆಳಗೆ, ಅಡಿಗೆರೆ ಎಳೆದು, ‘ವಿಶ್ರಾಂತಿ’. ಜೊತೆಗೆ ಉಸಿರು ಎಳೆದರೆ ಏಳುವ ಮೂರು ಚೆಂಡುಗಳ ಪ್ಲಾಸ್ಟಿಕ್ ಡಬ್ಬಿ.

‘ರೆಸ್ಟ್ ಅಂದಿದ್ದಾರಲ್ಲ, ಹಾಗಾಗಿ ಅಮ್ಮನ್ನ ಅಂಗಳಕ್ಕೂ ಇಳಿಸ್ತಿಲ್ಲ ಡಾಕ್ಟ್ರೆ. ಎಲ್ಲಾ ಕೂತಲ್ಲಿಗೇ ತಂದು ಕೊಡ್ತೇವೆ’ ಎಂದ ಮಗ. ಹೇಳುವಾಗ ಅವನ ಮುಖದಲ್ಲಿ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಿರುವ ಸಮಾಧಾನ ಇತ್ತು. ಆ ಅಮ್ಮನ ಕಾಲು ನೋಡಿದೆ. ತೊಡೆಯ ಮಾಂಸ ಇಳಿದುಹೋಗಿತ್ತು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಿತ್ತು. ಆಸ್ಪತ್ರೆಗೆ ಹೋಗುವ ಮುಂಚೆ ಅವರು ಕೊಟ್ಟಿಗೆಯ ಕೆಲಸ ಮಾಡುತ್ತಿದ್ದವರು.

ನಾನು ಫಿಸಿಯೋಥೆರಪಿಸ್ಟ್. ಇಂಥ ಚೀಟಿಗಳನ್ನು ನೋಡಿ ನೋಡಿ ಒಂದು ವಿಷಯ ನನಗೆ ಖಚಿತವಾಗಿದೆ. ಸಿಒಪಿಡಿ ಎಂದು ವೈದ್ಯರು ಕರೆಯುವ, ನಮ್ಮ ಜನ ದಮ್ಮು, ಗೂರಲು, ಉಬ್ಬಸ ಎಂದು ಬೇರೆ ಬೇರೆ ಹೆಸರಿನಲ್ಲಿ ಹೇಳುವ ಈ ಕಾಯಿಲೆಗೆ ಒಂದು ಚಿಕಿತ್ಸೆ ಇದೆ. ಅದು ದುಬಾರಿಯಲ್ಲ. ಪರೀಕ್ಷೆಗೊಳಪಟ್ಟು ಗೆದ್ದಿದೆ. ಹೆಸರು ಶ್ವಾಸಕೋಶ ಪುನಶ್ಚೇತನ, ಆಸ್ಪತ್ರೆಯ ಭಾಷೆಯಲ್ಲಿ ಪಲ್ಮನರಿ ರಿಹ್ಯಾಬಿಲಿಟೇಷನ್: ಅಳತೆ ನೋಡಿ ನಡೆಸುವ ನಡಿಗೆ, ಸ್ನಾಯುವಿನ ವ್ಯಾಯಾಮ, ಉಸಿರಿನ ಪಾಠ ಸೇರಿದ ಎಂಟು ವಾರದ ತರಬೇತಿ. ಅದು ಮಲೆನಾಡಿನ ರೋಗಿಗಳಿಗೆ ಸಿಗದಿರುವುದಕ್ಕೆ ಯಂತ್ರಗಳಿಲ್ಲ ಎಂಬುದು ಮುಖ್ಯ ಕಾರಣವಲ್ಲ. ಅದನ್ನು ಯಾರೂ ಬರೆದುಕೊಡುವುದಿಲ್ಲ, ಬರೆದುಕೊಟ್ಟರೂ ಆಮೇಲೆ ಯಾರೂ ವಿಚಾರಿಸುವುದಿಲ್ಲ.

ಮೊದಲು ಕಾಯಿಲೆಯ ಗಾತ್ರ ಹೇಳುತ್ತೇನೆ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ರಾಜ್ಯವಾರು ರೋಗಭಾರದ ಅಧ್ಯಯನದ ಪ್ರಕಾರ, 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು. 1990ರಲ್ಲಿ ಆ ಸಂಖ್ಯೆ ಸುಮಾರು 2.8 ಕೋಟಿ. ಅದೇ ಅಧ್ಯಯನ ಈ ಕಾಯಿಲೆಯ ಹೊರೆಯಲ್ಲಿ ಶೇ 53.7ರಷ್ಟನ್ನು ವಾಯುಮಾಲಿನ್ಯಕ್ಕೂ ಶೇ 25.4ರಷ್ಟನ್ನು ತಂಬಾಕಿಗೂ ಹಚ್ಚಿತು. ‘ನಾನು ಬೀಡಿ ಮುಟ್ಟಿದವಳಲ್ಲ, ನನಗೆಂತಕ್ಕೆ ಇದು?’ ಎಂದು ಕೇಳುವ ನಮ್ಮ ಹೆಂಗಸರಿಗೆ ಉತ್ತರ ಆ ಮೊದಲ ಅಂಕಿಯಲ್ಲಿದೆ. ಮನೆಯೊಳಗಿನ ಹೊಗೆಯೂ ವಾಯುಮಾಲಿನ್ಯವೇ.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಹೊಗೆಗೆ ಸರಳ ಲೆಕ್ಕ ಕೊಟ್ಟಿದೆ. ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ. ಆ ಸಂಖ್ಯೆ 60 ಮುಟ್ಟಿದರೆ ಹೆಂಗಸರಲ್ಲಿ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ಅಪಾಯ ಎದ್ದು ಕಾಣತೊಡಗುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷಕ್ಕೆ ಅರವತ್ತು ಮುಟ್ಟುತ್ತದೆ. ಈ ಲೆಕ್ಕವನ್ನು ಮಲೆನಾಡಿನ ಅಡಿಗೆಮನೆಗಳಿಗೆ ಹಿಡಿದು ನೋಡಿ. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣು ಮೂವತ್ತಮೂರರಲ್ಲೇ ಆ ಗೆರೆ ದಾಟಿರುತ್ತಾಳೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅಡಿಗೆಮನೆಗೆ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲ ಹಂಡೆಯ ಒಲೆ ಹಾಗೇ ಇದೆ. ಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಒಲೆ ವಾರಗಟ್ಟಲೆ ಆರುವುದಿಲ್ಲ. ಅದರ ಪಕ್ಕದಲ್ಲೇ ಮೆಟ್ಟುಗತ್ತಿ ಮುಂದೆ ಕೂತು ನಡುರಾತ್ರಿವರೆಗೆ ಸುಲಿದವರ ಎದೆಯಲ್ಲಿ ಎಷ್ಟು ಹೊಗೆ ಸೇರಿದೆಯೋ ಲೆಕ್ಕವಿಲ್ಲ. ಇದರ ಮೇಲೆ ಹಿಂದೆಂದೋ ಬಂದು ಹೋದ ಕ್ಷಯ ಬಿಟ್ಟ ಗಾಯ, ಅಕ್ಕಿ ಗಿರಣಿಯ ಧೂಳು, ನಾಲ್ಕು ತಿಂಗಳು ಗೋಡೆ ಹತ್ತುವ ಬೂಷ್ಟು.

ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗಿನಿಂದ ಈ ಸೀಮೆಯ ಆರೋಗ್ಯ ವ್ಯವಸ್ಥೆ ಬೇಸಿಗೆ ಬಂದರೆ ಸತ್ತ ಮಂಗಗಳನ್ನು ಹುಡುಕುವುದನ್ನು, ಉಣ್ಣಿ ಹಿಡಿದು ಪರೀಕ್ಷೆಗೆ ಕಳಿಸುವುದನ್ನು ಕಲಿತಿದೆ. ಹೊಗಳಬೇಕಾದ ಕೆಲಸ. ಆದರೆ ಹತ್ತು ವರ್ಷ ತೆಗೆದುಕೊಂಡು ಒಬ್ಬರನ್ನು ಗದ್ದೆಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ, ಜಗಲಿಯಿಂದ ಹಾಸಿಗೆಗೆ ತಳ್ಳುವ ಕಾಯಿಲೆಯನ್ನು ಹೀಗೆ ಬೆನ್ನು ಹತ್ತಿ ಎಣಿಸುವವರು ಯಾರೂ ಇಲ್ಲ.

ಈಗ ಪುನಶ್ಚೇತನ ಕೆಲಸ ಮಾಡುವುದು ಹೇಗೆ ಎಂಬ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಅರ್ಥವಾಗದೆ ‘ದಮ್ಮು ಬರುವವರನ್ನು ನಡೆಸುವುದು ಕ್ರೌರ್ಯ’ ಎಂಬ ಭಾವನೆ ಹೋಗುವುದಿಲ್ಲ.

ಸಿಒಪಿಡಿಯಲ್ಲಿ ತೊಂದರೆ ಇರುವುದು ಹೆಚ್ಚಾಗಿ ಉಸಿರು ಬಿಡುವುದರಲ್ಲಿ. ಶ್ವಾಸಕೋಶದ ಕಿರುನಾಳಗಳು ಕಿರಿದಾಗಿ, ಬಿಗಿ ಕಳೆದುಕೊಂಡು, ಗಾಳಿ ಹೊರಗೆ ಹೋಗುವ ಹೊತ್ತಿಗೇ ಮುಚ್ಚಿಕೊಳ್ಳುತ್ತವೆ. ಹಳೆಯ ಗಾಳಿ ಪೂರ್ತಿ ಹೋಗುವ ಮೊದಲೇ ಮುಂದಿನ ಉಸಿರು ಬರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ನಡೆಯುವಾಗ ಉಸಿರಾಟ ಬಿರುಸಾಗುವುದರಿಂದ ಬಿಡಲು ಸಿಗುವ ಸಮಯ ಇನ್ನೂ ಕಡಿಮೆ, ಒಳಗೆ ಸಿಕ್ಕಿಬೀಳುವ ಗಾಳಿ ಇನ್ನೂ ಹೆಚ್ಚು. ಎದೆ ಉಬ್ಬಿ, ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆ ಚಪ್ಪಟೆಯಾಗಿ, ಎಳೆದರೂ ಉಸಿರು ಒಳಗೆ ಹೋಗುವುದಿಲ್ಲ. ಆ ಕ್ಷಣದ ಗಾಬರಿಯನ್ನು ಅನುಭವಿಸಿದವರು ಮತ್ತೆ ಆ ದಾರಿಯಲ್ಲಿ ಕಾಲಿಡಲು ಹಿಂಜರಿಯುತ್ತಾರೆ. ಸಹಜವೇ.

ಹಿಂಜರಿದವರು ಕೂರುತ್ತಾರೆ. ಕೂತವರ ಕಾಲಿನ ಸ್ನಾಯು, ಮುಖ್ಯವಾಗಿ ತೊಡೆಯ ಮುಂಭಾಗದ್ದು, ಕರಗುತ್ತದೆ. ಉಳಿದ ಸ್ನಾಯುವಿಗೂ ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ನಾಲ್ಕು ಹೆಜ್ಜೆಗೇ ಅದರಲ್ಲಿ ಆಮ್ಲ ಸೇರಿ, ಅದನ್ನು ಹೊರಹಾಕಲು ದೇಹ ಇನ್ನಷ್ಟು ಉಸಿರು ಕೇಳುತ್ತದೆ. ಕೊಡಲು ಶ್ವಾಸಕೋಶದಲ್ಲಿ ತ್ರಾಣವಿಲ್ಲ. ಹೀಗೆ ನಿನ್ನೆ ಬಾವಿಕಟ್ಟೆವರೆಗೆ ಹೋಗುತ್ತಿದ್ದವರು ಇಂದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತಾಗುತ್ತಾರೆ. ಮನೆಯವರು ಕಾಯಿಲೆ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಶ್ವಾಸಕೋಶ ಹೋದ ವರ್ಷ ಹೇಗಿತ್ತೋ ಹಾಗೇ ಇರುತ್ತದೆ; ಸೋತಿರುವುದು ಕಾಲು.

ಪುನಶ್ಚೇತನ ಕೈ ಹಾಕುವುದು ಇಲ್ಲಿಗೆ. ಹಾಳಾದ ಶ್ವಾಸಕೋಶವನ್ನು ಅದು ಸರಿ ಮಾಡುವುದಿಲ್ಲ. ಎಂಟು ವಾರದ ನಂತರ, ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರ್ ಊದಿಸಿದರೆ ಅಂಕಿ ಹೆಚ್ಚುಕಡಿಮೆ ಮೊದಲಿನದೇ. ವೈದ್ಯರಲ್ಲಿ ಅನೇಕರು ಇದರ ಬಗ್ಗೆ ಉತ್ಸಾಹ ತೋರದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ: ಅವರು ನೋಡುವ ವರದಿಯಲ್ಲಿ ಬದಲಾವಣೆ ಕಾಣಿಸುವುದಿಲ್ಲ. ಕಾಣಿಸುವುದು ರೋಗಿಯ ನಡಿಗೆಯಲ್ಲಿ, ನಿದ್ದೆಯಲ್ಲಿ, ಮತ್ತೆ ಆಸ್ಪತ್ರೆ ಸೇರದ ದಿನಗಳಲ್ಲಿ. ತರಬೇತಿ ಪಡೆದ ಸ್ನಾಯು ಅದೇ ಕೆಲಸಕ್ಕೆ ಕಡಿಮೆ ಉಸಿರು ಕೇಳುತ್ತದೆ, ಅಷ್ಟೇ. ಆ ‘ಅಷ್ಟೇ’ಯಲ್ಲಿ ಒಬ್ಬರ ಬದುಕು ಕೂತಲ್ಲಿಂದ ಎದ್ದು ನಿಲ್ಲುತ್ತದೆ.

ಸಾಕ್ಷ್ಯದ ವಿಷಯದಲ್ಲಿ ಗೊಂದಲವೇನೂ ಉಳಿದಿಲ್ಲ. ಕೊಕ್ರೇನ್ ಸಂಸ್ಥೆಯ 2015ರ ವಿಮರ್ಶೆ 65 ಪ್ರಯೋಗಗಳನ್ನು, 3,822 ರೋಗಿಗಳನ್ನು ಒಟ್ಟಿಗೆ ತೂಗಿ ನೋಡಿತು. ಆರು ನಿಮಿಷದಲ್ಲಿ ನಡೆಯುವ ದೂರ ಸರಾಸರಿ ಸುಮಾರು 44 ಮೀಟರ್ ಹೆಚ್ಚಿತ್ತು. ರೋಗಿಗೆ ವ್ಯತ್ಯಾಸ ಗೊತ್ತಾಗಲು 30 ಮೀಟರ್ ಸಾಕು ಎಂಬುದು ಈ ಕ್ಷೇತ್ರದವರು ಒಪ್ಪಿಕೊಂಡ ಅಳತೆ. ಪುನಶ್ಚೇತನವನ್ನು ಮಾಮೂಲಿ ಚಿಕಿತ್ಸೆಗೆ ಹೋಲಿಸಿ ಇನ್ನಷ್ಟು ಪ್ರಯೋಗ ಮಾಡುವ ಅಗತ್ಯವೇ ಇಲ್ಲ ಎನ್ನುವಷ್ಟರ ಮಟ್ಟಿಗೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಶ್ರೀಮಂತ ದೇಶಗಳಲ್ಲಿ ಎಲ್ಲರಿಗೂ ಸಿಗುತ್ತಿದೆಯೇ? ಇಲ್ಲ. ಅಮೆರಿಕದಲ್ಲಿ ಮೆಡಿಕೇರ್ ವಿಮೆಯಡಿ ಸಿಒಪಿಡಿಗಾಗಿ ಆಸ್ಪತ್ರೆ ಸೇರಿದ್ದ 1,97,376 ಹಿರಿಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ 90 ದಿನಗಳೊಳಗೆ ಪುನಶ್ಚೇತನ ಆರಂಭಿಸಿದವರು ಶೇ 1.5 ಮಾತ್ರ. ಆರಂಭಿಸಿದವರಲ್ಲಿ ವರ್ಷದೊಳಗೆ ತೀರಿಕೊಂಡವರು ಶೇ 7.3, ಉಳಿದವರಲ್ಲಿ ಶೇ 19.6. ಈ ಅಂತರವನ್ನು ಪೂರ್ತಿ ನಡಿಗೆಯ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ. ಎದ್ದು ಬರುವಷ್ಟು ಗಟ್ಟಿ ಇದ್ದವರೇ ಸೇರಿರುತ್ತಾರೆ. ಅಂಥ ವ್ಯತ್ಯಾಸಗಳಿಗೆ ಸರಿಹೊಂದಿಸಿ ನೋಡಿದ ಮೇಲೂ ಸಾವಿನ ಅಪಾಯ ಶೇ 37ರಷ್ಟು ಕಡಿಮೆ ಇತ್ತು. ಇನ್‌ಹೇಲರ್ ಒಂದು ಇಷ್ಟು ಕೆಲಸ ಮಾಡಿದ್ದರೆ ಅದರ ಹೆಸರು ಪ್ರತಿ ಚೀಟಿಯಲ್ಲೂ ಇರುತ್ತಿತ್ತು.

ಸಮಯದ ಬಗ್ಗೆ ಒಂದು ಎಚ್ಚರಿಕೆ. ದಮ್ಮು ಉಲ್ಬಣಿಸಿ ಹಾಸಿಗೆಯಲ್ಲಿರುವಾಗಲೇ ಜೋರಾದ ವ್ಯಾಯಾಮ ಶುರು ಮಾಡಿಸುವುದು ಒಳ್ಳೆಯದಲ್ಲ. ಹಾಗೆ ಮಾಡಿದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಲಾಭ ಕಾಣಲಿಲ್ಲ, ವರ್ಷದೊಳಗಿನ ಸಾವು ಹೆಚ್ಚೇ ಇತ್ತು. ಯುರೋಪು ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು ಸೇರಿ 2017ರಲ್ಲಿ ಹೊರತಂದ ಮಾರ್ಗಸೂಚಿ ಬಿಡುಗಡೆಯಾದ ಮೂರು ವಾರದೊಳಗೆ ಆರಂಭಿಸಿ ಎನ್ನುತ್ತದೆ. ಅಂದರೆ ಆ ಚೀಟಿಯಲ್ಲಿ ‘ವಿಶ್ರಾಂತಿ’ ಎಂದಿದ್ದ ಜಾಗದಲ್ಲಿ ಒಂದು ತಾರೀಖು ಇರಬೇಕಿತ್ತು.

ಮೂರು ಚೆಂಡಿನ ಡಬ್ಬಿಯ ವಿಷಯ ಹೇಳದಿದ್ದರೆ ಆಗುವುದಿಲ್ಲ. ಆಪರೇಷನ್ ಆದವರಿಗೆ ಆಳವಾಗಿ ಉಸಿರು ಎಳೆದುಕೊಳ್ಳುವ ಅಭ್ಯಾಸ ಮಾಡಿಸಲು ಬಂದ ಸಾಧನ ಅದು. ಒಳಗೇ ಗಾಳಿ ತುಂಬಿ ಕಷ್ಟಪಡುವವರಿಗೆ ಇನ್ನೂ ಎಳೆಯಿರಿ ಎಂದು ಕೊಟ್ಟು ಕಳಿಸಿದರೆ ಪುನಶ್ಚೇತನ ಆಯಿತು ಎಂದು ಆಸ್ಪತ್ರೆಯೂ ತಿಳಿಯುತ್ತದೆ, ಮನೆಯವರೂ ತಿಳಿಯುತ್ತಾರೆ. ಊದಿದರೆ ಚೆಂಡು ಏಳುತ್ತದೆ ಎಂದು ಡಬ್ಬಿಯನ್ನು ತಲೆಕೆಳಗು ಹಿಡಿದು ಊದುತ್ತಿದ್ದವರನ್ನೂ ನೋಡಿದ್ದೇನೆ. ಬಳಸುವ ಕ್ರಮವನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಇದರಲ್ಲಿ ನಮ್ಮ ವೃತ್ತಿಯವರ ಪಾಲೂ ಇದೆ. ಮಂಡಿ, ಸೊಂಟ, ಪಾರ್ಶ್ವವಾಯು ನೋಡುವುದರಲ್ಲೇ ನಮ್ಮ ದಿನ ಮುಗಿಯುತ್ತದೆ. ಎದೆಯ ಕಾಯಿಲೆ ಎಂದರೆ ಬೆನ್ನು ತಟ್ಟಿ ಕಫ ಬಿಡಿಸುವುದು ಎಂಬಲ್ಲಿಗೆ ನಿಂತುಬಿಟ್ಟಿದ್ದೇವೆ.

ನಿಜವಾದ ಪುನಶ್ಚೇತನ ಅಳತೆಯಿಂದ ಶುರುವಾಗುತ್ತದೆ. ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರಿನ ಸಮತಟ್ಟಾದ, ನೇರವಾದ ಜಾಗ ಬೇಕು. ಮಲೆನಾಡಿನಲ್ಲಿ ಅಂಥ ಜಾಗ ಹುಡುಕುವುದೇ ಕಷ್ಟ. ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಟ್ರೆಚರ್, ಬೆಂಚು, ಜನ. ಮನೆಗೆ ಹೋದರೆ ದರೆ, ಮೆಟ್ಟಿಲು, ತೋಟಕ್ಕೆ ಇಳಿಜಾರು. ಇರುವ ಒಂದೇ ಮಟ್ಟಸ ನೆಲ ಅಡಿಕೆ ಅಂಗಳ. ಹೊಸನಗರದ ಆ ಅಮ್ಮನ ಮನೆಯಲ್ಲಿ ಟೇಪು ಹಿಡಿದರೆ ಅಂಗಳ 20 ಮೀಟರ್ ಸಿಕ್ಕಿತು. ಜಾಗ ಚಿಕ್ಕದಾದಷ್ಟೂ ತಿರುಗುವುದು ಹೆಚ್ಚಿ ದೂರ ಕಡಿಮೆ ಬರುತ್ತದೆ. ಆದರೆ ಆಮೇಲೂ ಅದೇ ಅಂಗಳದಲ್ಲೇ ಅಳೆದರೆ ಅವರನ್ನು ಅವರಿಗೇ ಹೋಲಿಸಲು ಅಡ್ಡಿಯಿಲ್ಲ. ಎರಡೂ ತುದಿಗೆ ಒಂದೊಂದು ಬಕೆಟ್ ಇಟ್ಟೆವು. ಬೆರಳಿಗೆ ಆಕ್ಸಿಮೀಟರ್. ಕೊರೊನಾ ಕಾಲದಲ್ಲಿ ತಂದದ್ದು ಅವರ ಮನೆಯಲ್ಲೇ ಇತ್ತು, ಸೆಲ್ ಮಾತ್ರ ಹಾಕಬೇಕಾಯಿತು.

ಎರಡು ಕಡೆ ನಿಂತು, ಒಂದು ಸಲ ಜಗಲಿಯ ಕಂಬ ಹಿಡಿದು, ಆರು ನಿಮಿಷದಲ್ಲಿ ಅವರು ನಡೆದದ್ದು 190 ಮೀಟರ್. ಆಮ್ಲಜನಕದ ಮಟ್ಟ 95ರಿಂದ 91ಕ್ಕೆ ಇಳಿಯಿತು. ‘ದಮ್ಮು ಹತ್ತಕ್ಕೆ ಎಷ್ಟು ಅಮ್ಮ?’ ಎಂದು ಕೇಳಿದೆ. ‘ಏಳು ಅನ್ನು’ ಎಂದರು. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು, ‘ಆಸ್ಪತ್ರೆಯಿಂದ ಬಂದ ಮೇಲೆ ಈ ಅಂಗಳದ ಆಚೆ ಬದಿ ನೋಡಿದ್ದು ಇವತ್ತೇ ಮಾರಾಯ’ ಎಂದರು.

ಆ ಅಳತೆಯ ಮೇಲೆ ಮದ್ದಿನ ಪ್ರಮಾಣ ನಿಗದಿಯಾಗುತ್ತದೆ. ಹತ್ತಕ್ಕೆ ಮೂರು ನಾಲ್ಕರಷ್ಟು ದಮ್ಮು ಬರುವ ವೇಗದಲ್ಲಿ ನಡೆಯಬೇಕು. ತುಂಡು ತುಂಡು ಮಾತಾದರೂ ಆಡಲು ಬರಬೇಕು. ಒಂದಕ್ಕಿಂತ ಕಡಿಮೆಯಾದರೆ ಪ್ರಯೋಜನವಿಲ್ಲ, ಆರೇಳು ಮುಟ್ಟಿದರೆ ನಾಳೆ ಅವರು ಏಳುವುದಿಲ್ಲ. ಮೊದಲ ವಾರ ಎರಡೆರಡು ನಿಮಿಷದ ತುಂಡುಗಳಲ್ಲಿ ಒಟ್ಟು ಹತ್ತು ನಿಮಿಷ, ಆಮೇಲೆ ಮೆಲ್ಲಗೆ ಏರಿಸುತ್ತಾ ಮೂವತ್ತರವರೆಗೆ. ಇನ್‌ಹೇಲರ್ ಎಳೆದು ಹತ್ತು ಹದಿನೈದು ನಿಮಿಷ ಬಿಟ್ಟು ಹೊರಡುವುದು. ಜೊತೆಗೆ ಸ್ನಾಯುವಿಗೆ ಬಲ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು. ವಾರಕ್ಕೆ ಕನಿಷ್ಠ ಮೂರು ದಿನ, ಎಂಟು ವಾರ. ಟ್ರೆಡ್‌ಮಿಲ್ ಬೇಕಿಲ್ಲ. ತೀರಾ ಕಡಿಮೆ ಸಲಕರಣೆಯಲ್ಲಿ ನಡೆಸಿದ ಪುನಶ್ಚೇತನವೂ ಫಲ ಕೊಡುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ.

ತೋಳಿನ ವ್ಯಾಯಾಮ ಯಾಕೆ ಎಂದು ಹೆಂಗಸರಿಗೆ ವಿವರಿಸಬೇಕಾಗಿಲ್ಲ. ‘ತಲೆ ಬಾಚುವಾಗ ದಮ್ಮು ಬರುತ್ತದೆಯೇ?’ ಎಂದು ಕೇಳಿದರೆ ಮುಖ ಅರಳಿಸಿ ನೋಡುತ್ತಾರೆ, ಇದುವರೆಗೆ ಯಾರೂ ಕೇಳದ ಪ್ರಶ್ನೆ ಅದು. ಕೈ ಮೇಲೆತ್ತಿದಾಗ, ಉಸಿರಾಟಕ್ಕೆ ನೆರವಾಗುತ್ತಿದ್ದ ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಕೈಯನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೆ ಹೋಗುತ್ತವೆ. ಬಟ್ಟೆ ಒಣಹಾಕುವಾಗ, ಅಟ್ಟದ ಮೇಲಿನ ಡಬ್ಬಿ ತೆಗೆಯುವಾಗ ಆಗುವುದೂ ಇದೇ. ಕೂತು ಬಾಚುವುದು, ಮೊಣಕೈಯನ್ನು ಮೇಜಿನ ಮೇಲೆ ಊರುವುದು, ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವುದು, ಬಿಂದಿಗೆ ಎತ್ತುವ ಕ್ಷಣದಲ್ಲಿ ಉಸಿರು ಬಿಡುವುದು: ಇವೆಲ್ಲ ಪುನಶ್ಚೇತನದ ಪಾಠಗಳೇ.

ಉಸಿರಿನ ಪಾಠದಲ್ಲಿ ಮುಖ್ಯವಾದದ್ದು ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುವುದು. ಹೀಗೆ ಬಿಟ್ಟಾಗ ಒಳಗಿನ ಒತ್ತಡ ಕಿರುನಾಳಗಳನ್ನು ಇನ್ನೊಂದಿಷ್ಟು ಹೊತ್ತು ತೆರೆದಿಡುತ್ತದೆ, ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆದು, ಬಾಯಲ್ಲಿ ನಾಲ್ಕು ಎಣಿಸುವಷ್ಟು ಬಿಡುವುದು. ಹೇಳಿಕೊಡುವಾಗ ನಾನು ಊದುಗೊಳವೆಯ ನೆನಪು ಮಾಡಿಕೊಡುತ್ತೇನೆ. ತುಟಿಯ ಆಕಾರ ಅದೇ. ಆದರೆ ಕೆಂಡ ಎಬ್ಬಿಸುವ ಜೋರು ಬೇಡ, ದೀಪ ಅಲುಗಬೇಕು, ಆರಬಾರದು ಎನ್ನುತ್ತೇನೆ. ಏರು ಹತ್ತುವಾಗ ನಿಂತು ಎಳೆದುಕೊಂಡು, ಬಿಡುತ್ತಾ ಮೂರು ಹೆಜ್ಜೆ. ದಮ್ಮು ಮೀರಿದರೆ ದರೆಗೋ ಬೇಲಿಗೂಟಕ್ಕೋ ಎರಡೂ ಕೈ ಊರಿ ಮುಂದೆ ಬಾಗಿ ನಿಲ್ಲುವುದು. ಹೀಗೆ ನಿಂತರೆ ಸುಧಾರಿಸುತ್ತದೆ ಎಂದು ದೇಹಕ್ಕೆ ಒಮ್ಮೆ ಖಾತ್ರಿಯಾದರೆ ಗಾಬರಿ ಅರ್ಧ ಇಳಿಯುತ್ತದೆ.

‘ಪ್ರಾಣಾಯಾಮ ಮಾಡಿದರೆ ಸಾಲದೇ?’ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ನಿಧಾನವಾಗಿ ಉಸಿರು ಬಿಡುವ ಅಭ್ಯಾಸವೆಲ್ಲ ಒಳ್ಳೆಯದೇ. ಕುಂಭಕ ಹಿಡಿಯುವುದು, ಕಪಾಲಭಾತಿಯ ರಭಸ ಇವರಿಗೆ ಬೇಡ. ಮತ್ತೆ, ಪದ್ಮಾಸನದಲ್ಲಿ ಕೂತರೆ ತೊಡೆಗೆ ಬಲ ಬರುವುದಿಲ್ಲ. ಕಾಲು ಸೋತಿರುವಾಗ ಕಾಲನ್ನೇ ದುಡಿಸಬೇಕು.

ಹೇಳಲೇಬೇಕಾದ ಇನ್ನೊಂದು ಮಾತು: ಇದನ್ನು ಓದಿ ನಾಳೆಯಿಂದಲೇ ಮನೆಯ ಹಿರಿಯರನ್ನು ನಡೆಸಲು ಹೊರಡಬೇಡಿ. ಹೃದಯದ ತೊಂದರೆ ಇದೆಯೇ ಎಂದು ವೈದ್ಯರು ನೋಡಬೇಕು. ಎದೆನೋವು, ತಲೆಸುತ್ತು ಬಂದರೆ, ಆಕ್ಸಿಮೀಟರ್ 88ಕ್ಕಿಂತ ಕೆಳಗೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಕೆಲವರಿಗೆ ಆಮ್ಲಜನಕ ಕೊಟ್ಟುಕೊಂಡೇ ನಡೆಸಬೇಕಾಗುತ್ತದೆ, ಅದು ಮನೆಯಂಗಳದ ಕೆಲಸವಲ್ಲ.

ಈಗ ವ್ಯವಸ್ಥೆಯ ಪ್ರಶ್ನೆ. ಮಾರ್ಗಸೂಚಿಗಳ ಪ್ರಕಾರ ವಾರಕ್ಕೆ ಎರಡು ಸಲ ಕೇಂದ್ರಕ್ಕೆ ಬಂದು ಮಾಡಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಸಾಗರದಿಂದ 70ಕ್ಕೂ ಮೇಲೆ. ಊರಿನ ಒಳಗಿನಿಂದ ಬಸ್ ಹಿಡಿಯುವ ಜಾಗಕ್ಕೇ ಎರಡು ಮೂರು ಕಿಲೋಮೀಟರ್ ಏರು, ಅದೇ ಅವರಿಂದ ಆಗದ ಏರು. ತುಮರಿ ಕಡೆಯವರು ದಶಕಗಳ ಕಾಲ ಲಾಂಚಿಗೆ ಕಾದು ಕೂತವರು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ತುರ್ತಿಗೆ ಆಂಬುಲೆನ್ಸ್ ಹೋಗಿ ಬರುವುದು ಸಲೀಸಾಗಿದೆ. ಆದರೆ ದಮ್ಮಿನವರಿಗೆ ಬೇಕಾದದ್ದು ಒಂದು ದಿನದ ತುರ್ತು ಪ್ರಯಾಣ ಅಲ್ಲ, ಹದಿನಾರು ದಿನದ ಮಾಮೂಲಿ ಪ್ರಯಾಣ. ಜೊತೆಗೆ ಬರುವವರ ಹದಿನಾರು ದಿನದ ಕೂಲಿಯೂ ಸೇರಿತು. ಜಿಲ್ಲಾ ಕೇಂದ್ರದಲ್ಲಿ ಮೆಗ್ಗಾನ್‌ನಂಥ ದೊಡ್ಡ ಬೋಧನಾ ಆಸ್ಪತ್ರೆ ಇರುವುದು ಈ ಸೀಮೆಯ ಭಾಗ್ಯ. ಆದರೂ ಈ ಚಿಕಿತ್ಸೆಯನ್ನು ಶಿವಮೊಗ್ಗದಲ್ಲಿ ಕಟ್ಟಿ ಜನ ಬರಲಿ ಎಂದು ಕಾದರೆ ಶಿವಮೊಗ್ಗ ಪೇಟೆಯವರಿಗೆ ಮಾತ್ರ ಸಿಗುತ್ತದೆ.

ಹಣದ ಹರಿವೂ ಇದೇ ರೀತಿ. ಆಯುಷ್ಮಾನ್ ಭಾರತ್ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುವುದು ಆಸ್ಪತ್ರೆ ಸೇರಿದರೆ. ಸೇರದಂತೆ ತಡೆಯುವ ಎಂಟು ವಾರದ ನಡಿಗೆಗೆ ಅದರಲ್ಲಿ ಜಾಗವಿಲ್ಲ. ಪ್ರತಿ ಮಳೆಗಾಲಕ್ಕೆ ಒಮ್ಮೆ ಆರಾರು ದಿನ ಮಲಗುವ ರೋಗಿಗೆ ಸರ್ಕಾರ ಖರ್ಚು ಮಾಡುತ್ತದೆ, ಆ ದಾಖಲಾತಿಯನ್ನು ತಪ್ಪಿಸಬಲ್ಲವರ ಬಸ್ ಚಾರ್ಜಿಗೆ ಮಾಡುವುದಿಲ್ಲ. ಇದನ್ನು ಬದಲಿಸುವುದು ಆಡಳಿತದ ಕೈಯಲ್ಲಿದೆ. ಎಂಟು ವಾರಕ್ಕೆ ಒಂದು ಪ್ಯಾಕೇಜ್ ಎಂದು ಬರೆದರೆ ಸಾಕು.

ಹತ್ತಿರದ ದಾರಿ ಒಂದಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 166 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಿಸಿಯೋಥೆರಪಿಸ್ಟ್ ಒಂದು ಸಲ ಮನೆಗೆ ಹೋಗಿ ಬಂದು, ಆಮೇಲೆ ವಾರಕ್ಕೊಂದರಂತೆ ಏಳು ಫೋನ್ ಕರೆ ಮಾಡಿದರು. ಎಂಟು ವಾರದ ಕೊನೆಗೆ ಫಲಿತಾಂಶ ಕೇಂದ್ರಕ್ಕೆ ಬಂದವರಿಗಿಂತ ಕಡಿಮೆಯಿರಲಿಲ್ಲ. 2023ರ ಅಮೆರಿಕನ್ ಮಾರ್ಗಸೂಚಿ ದೂರದಿಂದ ನಡೆಸುವ ಪುನಶ್ಚೇತನವನ್ನೂ ರೋಗಿಯ ಆಯ್ಕೆಯಾಗಿ ಒಪ್ಪಿಕೊಂಡಿದೆ. ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಊರುಗಳೇ. ಸಿಗ್ನಲ್ ಸಿಗಲು ಗುಡ್ಡದ ತುದಿಗೆ ಹೋಗಬೇಕಾದ ಮನೆಗಳು ಇನ್ನೂ ಇವೆ, ಒಪ್ಪುತ್ತೇನೆ. ಆದರೂ ವಾರಕ್ಕೊಂದು ಕರೆ ಮುಟ್ಟದ ಊರು ಕಡಿಮೆ. ಮುಟ್ಟದಲ್ಲಿಗೆ ಆಶಾ ಕಾರ್ಯಕರ್ತೆ ಹೇಗೂ ಹೋಗುತ್ತಾರೆ. ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯಾಧಿಕಾರಿಗಳಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆಯವರ ಪಟ್ಟಿ ಇಟ್ಟು ತಿಂಗಳು ತಿಂಗಳು ಮಾತ್ರೆ ಕೊಡುವವರು ಅವರೇ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಿಒಪಿಡಿಯೂ ಸೇರಿದೆ. ಆ ಪಟ್ಟಿಗೆ ಒಂದು ಕಾಲಂ ಸೇರಿಸಿ, ‘ಈ ವಾರ ಎಷ್ಟು ದಿನ ನಡೆದಿರಿ? ದಮ್ಮು ಹತ್ತಕ್ಕೆ ಎಷ್ಟು?’ ಎಂಬ ಎರಡು ಪ್ರಶ್ನೆ ಕೇಳಿಸುವುದಕ್ಕೆ ಹೊಸ ಕಟ್ಟಡ ಬೇಡ.

ತಾಲೂಕು ಆಸ್ಪತ್ರೆಯಲ್ಲಿ ಒಂದು ಸ್ಪೈರೋಮೀಟರ್, ನಡಿಗೆ ಪರೀಕ್ಷೆಗೆ ಗೆರೆ ಎಳೆದ ಒಂದು ಕಾರಿಡಾರ್, ಇದನ್ನು ಕಲಿತ ಒಬ್ಬ ಫಿಸಿಯೋಥೆರಪಿಸ್ಟ್ ಬೇಕೇ ಬೇಕು. ಪೇಟೆಯ ಹತ್ತಿರದವರಿಗೆ ಆರೇಳು ಜನರ ಗುಂಪು ಮಾಡಿದರೆ ಇನ್ನೂ ಒಳ್ಳೆಯದು; ಒಬ್ಬರನ್ನೊಬ್ಬರು ನೋಡಿ ನಡೆಯುತ್ತಾರೆ. ಆದರೆ ಇವುಗಳಲ್ಲಿ ಮೊದಲು ಯಾವುದು ಎಂದು ಕೇಳಿದರೆ ನಾನು ಫೋನ್ ಕರೆ ಎನ್ನುತ್ತೇನೆ. ನಾನು ಹೇಳಿಕೊಟ್ಟು ಬಂದ ಮನೆಗಳಲ್ಲಿ ನಡಿಗೆ ನಿಂತುಹೋದದ್ದು ಹೆಚ್ಚಾಗಿ ಮೂರನೇ ವಾರ. ಒಂದು ದಿನ ಮಳೆ, ಒಂದು ದಿನ ನೆಂಟರು, ಒಂದು ದಿನ ಜ್ವರ. ಆಮೇಲೆ ಕೇಳುವವರಿಲ್ಲ. ಎಂಟು ವಾರ ಮುಗಿಸಿದವರಲ್ಲೂ ಮುಂದುವರಿಸದಿದ್ದರೆ ಆರು ತಿಂಗಳಿಂದ ವರ್ಷದೊಳಗೆ ಲಾಭ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೆ ಇಳಿಯಲಾಗದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಜಗಲಿಯಲ್ಲಿ ಉದ್ದಕ್ಕೂ ನಡೆಯುವುದು, ಕೂತು ಏಳುವುದನ್ನು ಹೆಚ್ಚಿಸುವುದು, ಒಂದು ಮೆಟ್ಟಿಲನ್ನೇ ಹತ್ತಿ ಇಳಿಯುವುದು ಎಂದು ಮಳೆಗಾಲದ ಪಾಠವನ್ನೇ ಬೇರೆ ಬರೆದುಕೊಡಬೇಕಾಗುತ್ತದೆ. ಹೊರದೇಶದ ಪುಸ್ತಕಗಳಲ್ಲಿ ಇದು ಇರುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಹೊಸನಗರದ ಅಮ್ಮ ಲೆಕ್ಕ ಇಡಲು ತಮ್ಮದೇ ಉಪಾಯ ಕಂಡುಕೊಂಡರು. ಸೆರಗಿನ ಗಂಟಿನಲ್ಲಿ ಒಂದಿಷ್ಟು ಗೋಟಡಿಕೆ. ಅಂಗಳದ ಆಚೆ ತುದಿಗೆ ಮುಟ್ಟಿ ಬಂದಾಗಲೊಮ್ಮೆ ಒಂದನ್ನು ಬಕೆಟ್ಟಿಗೆ ಹಾಕುವುದು. ಫೋನ್ ಮಾಡಿದರೆ ಮೀಟರು ನಿಮಿಷ ಏನೂ ಹೇಳುತ್ತಿರಲಿಲ್ಲ. ‘ಇವತ್ತು ಹದಿನಾಲ್ಕು ಅಡಿಕೆ’ ಎನ್ನುತ್ತಿದ್ದರು. ಐದನೇ ವಾರ ಎರಡು ದಿನ ಕೆಮ್ಮು ಹೆಚ್ಚಾಗಿ ಬಿಟ್ಟರು, ಮತ್ತೆ ಎಂಟು ಅಡಿಕೆಯಿಂದ ಶುರು ಮಾಡಿದರು. ಸೊಸೆ ಆಗಾಗ ಜೊತೆಗೆ ನಡೆಯುತ್ತಿದ್ದಳಂತೆ.

ದೀಪಾವಳಿ ಕಳೆದ ಮೇಲೆ ಎರಡನೇ ಸಲ ಅಳೆದೆ. 245 ಮೀಟರ್, ಒಂದೇ ಕಡೆ ನಿಂತರು, ದಮ್ಮು ಹತ್ತಕ್ಕೆ ನಾಲ್ಕು. ಕುರ್ಚಿಯಿಂದ ಕೈ ಊರದೆ ಎದ್ದರು. ಸ್ಪೈರೋಮೀಟರಿನ ಅಂಕಿ ಮಾತ್ರ ಮೊದಲಿನದೇ ಎಂದು ಮಗನಿಗೆ ಮೊದಲೇ ಹೇಳಿದ್ದೆ, ಹಾಗೇ ಇತ್ತು.

ಆದರೆ ಅಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಬೇಯಿಸಿದ ಅಡಿಕೆ ಹರವಲು ಅಂಗಳ ಪೂರ್ತಿ ಬೇಕು, ನಡೆಯುವುದಾದರೂ ಎಲ್ಲಿ? ಹದಿನೈದು ದಿನ ಬಿಟ್ಟು ಹೋದಾಗ ನೋಡಿದೆ: ಅಂಗಳದ ಬಲಬದಿಗೆ, ಗೋಡೆಯ ಗುಂಟ, ಎರಡಡಿ ಅಗಲದ ದಾರಿ ಬಿಟ್ಟು ಅಡಿಕೆ ಹರವಿದ್ದರು. ದಾರಿಯ ಎರಡು ತುದಿಗೂ ಅದೇ ಬಕೆಟ್. ಬೇಯಿಸುವ ಒಲೆ ಇನ್ನೂ ಹಳೆಯ ಜಾಗದಲ್ಲೇ, ಆ ದಾರಿಗೆ ನಾಲ್ಕು ಮಾರು ದೂರದಲ್ಲಿ ಹೊಗೆಯಾಡುತ್ತಿತ್ತು. ಅದನ್ನು ತೋಟದ ಬದಿಗೆ ಸರಿಸುವ ಬಗ್ಗೆ ಮಗನ ಹತ್ತಿರ ಮಾತಾಡಿದ್ದೇನೆ. ಈ ವರ್ಷ ಆಗುವುದಿಲ್ಲ, ಬೇಸಿಗೆಯಲ್ಲಿ ಶೀಟ್ ಹಾಕಿಸಿ ಸರಿಸುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಅಮ್ಮ ಒಲೆಗೆ ಬೆಂಕಿ ಹಾಕುವ ಮೊದಲೇ, ಬೆಳಿಗ್ಗೆ ಏಳಕ್ಕೆ, ನಡೆದು ಮುಗಿಸುತ್ತಾರೆ.